ತೊಟ್ಟಿಲಿನಿಂದ ಊರುಗೋಲಿನವರೆಗೆ

ದಾದಿಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ವೈದ್ಯರ ಅಪ್ಪಣೆಯನ್ನು ಪಾಲಿಸುವ ಬಿಳಿಯುಡುಗೆಯ ಹೆಣ್ಣುಮಗಳು. ರೋಗವನ್ನು ತಾನೇ ಗುರುತಿಸಿ, ಔಷಧವನ್ನೂ ಬರೆದುಕೊಡುವ ದಾದಿ ರೂಪುಗೊಳ್ಳತೊಡಗಿದ್ದು ಅಮೆರಿಕದಲ್ಲಿ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ ಇಂಥ ಮೊದಲ ತರಬೇತಿಯನ್ನು ಆರಂಭಿಸಿದರು. ಅದು ಮಕ್ಕಳ ಆರೈಕೆಗಷ್ಟೇ ಮೀಸಲಾಗಿತ್ತು. ಇಂದು ಅಲ್ಲಿ ‘ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್’ ಆಗಬಯಸುವವರು ಸ್ನಾತಕೋತ್ತರ ವ್ಯಾಸಂಗದಲ್ಲಿ ಹಸುಳೆಯಿಂದ ಹಣ್ಣುಮುದುಕರವರೆಗೆ ಎಲ್ಲರನ್ನೂ ಪರೀಕ್ಷಿಸಲು ಕಲಿಯಬೇಕು.

ಇದೇನೂ ಸುಲಭದ ವಿದ್ಯೆಯಲ್ಲ. ಒಂದು ತಿಂಗಳ ಕೂಸಿಗೆ 100.4 ಡಿಗ್ರಿ ಜ್ವರ ಬಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಂಬತ್ತರ ವೃದ್ಧರಲ್ಲಾದರೋ, ಸೋಂಕು ತೀವ್ರವಾಗಿದ್ದರೂ ಜ್ವರವೇ ಕಾಣದಿರಬಹುದು. ಬದಲಿಗೆ ಮನಸ್ಸು ಗಲಿಬಿಲಿಗೊಂಡು ಮನೆಯವರ ಗುರುತೇ ತಪ್ಪೀತು. ಮಗುವಿನ ಔಷಧವನ್ನು ಸಾಮಾನ್ಯವಾಗಿ ತೂಕ ನೋಡಿ ಕೊಡುತ್ತಾರೆ. ಮುದುಕರಿಗೆ ಕೊಡುವಾಗ ಮೂತ್ರಪಿಂಡದ ಶಕ್ತಿಯನ್ನೂ, ಅವರು ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದುದರಿಂದಲೇ ದೇಹಪರೀಕ್ಷೆ, ರೋಗದ ಹುಟ್ಟು ಮತ್ತು ಗತಿ, ಔಷಧಶಾಸ್ತ್ರ ಇವನ್ನು ಆಳವಾಗಿ ಕಲಿಸುವುದಲ್ಲದೆ, ನೂರಾರು ಗಂಟೆ ರೋಗಿಗಳ ಬಳಿಯೇ ದುಡಿಸುತ್ತಾರೆ. ಪುಸ್ತಕದ ಬದನೆಕಾಯಿ ಇಲ್ಲಿ ಸಾಗದು.

ನಮ್ಮ ದೇಶದ ಮಾತು ಬೇರೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಎರಡು ವರ್ಷದ ಸ್ನಾತಕೋತ್ತರ ತರಬೇತಿಯನ್ನು ರೂಪಿಸಿದ್ದು ತೀವ್ರನಿಗಾ ಘಟಕಗಳಿಗಾಗಿ. 2018ರಲ್ಲಿ ಸರ್ಕಾರವು ಹೆರಿಗೆಯ ಆರೈಕೆಗೂ ಇಂಥ ದಾದಿಯರ ಯೋಜನೆಯನ್ನು ಪ್ರಕಟಿಸಿತು. ಅಜ್ಜಿಯ ಮಂಡಿನೋವನ್ನೂ ಮೊಮ್ಮಗನ ಕೆಮ್ಮನ್ನೂ ಒಂದೇ ಬಾಗಿಲಲ್ಲಿ ತೋರಿಸಬಯಸುವ ನಮ್ಮ ಮಹಾನಗರದ ಸಂಸಾರಗಳಿಗೆ ಬೇಕಾಗಿರುವುದು ಮಾತ್ರ ಆ ಕುಟುಂಬದ ದಾದಿಯೇ.