ಹಲಸಿನ ಮರಕ್ಕೆ ದನಿ ಕೊಡುವ ಸಿಂಪಾಡಿಪುರ

ವೀಣೆ ಎಂದೊಡನೆ ನೆನಪಾಗುವುದು ಮೈಸೂರಿನ ಅರಮನೆ, ತಂಜಾವೂರಿನ ಆಸ್ಥಾನ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ನೆನಪಾಗುವುದು ವೀಣೆಯ ಒಡನಾಟ ಇದ್ದವರಿಗೆ ಮಾತ್ರ. ನೇಕಾರಿಕೆಗೆ, ಘಾಟಿ ಸುಬ್ರಹ್ಮಣ್ಯಕ್ಕೆ ಹೆಸರಾದ ತಾಲ್ಲೂಕು ಇದು. ಇಲ್ಲಿನ ಈ ಸಣ್ಣ ಹಳ್ಳಿಯಲ್ಲಿ ರೈತಾಪಿ ಬದುಕಿನ ಜೊತೆಜೊತೆಗೇ ವೀಣೆಯ ಕೆಲಸ ದಶಕಗಳಿಂದ ನಡೆದು ಬಂದಿದೆ. ಹಲಸಿನ ದಿಮ್ಮಿ ಊರಿಗೆ ಬರುತ್ತದೆ, ವೀಣೆಯಾಗಿ ಹೊರಡುತ್ತದೆ.

ನಾಡಿನ ಮರದಿಂದಲೇ ಕೈಯಾರೆ ಗಿಟಾರ್ ಮಾಡಬೇಕೆಂಬ ಆಸೆ ಈಗಿನ ಹುಡುಗರಲ್ಲಿ ಹುಟ್ಟುತ್ತಿದೆ. ಹರಿಹರ, ದಾವಣಗೆರೆಯ ಕಡೆಯೂ ಗಿಟಾರ್ ಕಲಿಯುವ ಮಕ್ಕಳು ಕಾಣುತ್ತಾರೆ. ಅಂಥ ಆಸೆಯುಳ್ಳವರು ಮೊದಲು ನೋಡಬೇಕಾದ ಊರು ಸಿಂಪಾಡಿಪುರ. ಯಾವ ಮರ ದನಿಗೆ ಒಗ್ಗುತ್ತದೆ, ಅದನ್ನು ಎಷ್ಟು ಒಣಗಿಸಬೇಕು, ಎಲ್ಲಿ ತೆಳುವಾಗಿಸಬೇಕು, ಎಲ್ಲಿ ದಪ್ಪ ಬಿಡಬೇಕು ಎಂಬ ಮೂಲಪಾಠಗಳೆಲ್ಲ ಇಲ್ಲಿನ ಕೈಗಳಲ್ಲಿವೆ.

ದಿಮ್ಮಿಯಿಂದ ದಂಡಿಯವರೆಗೆ

ವೀಣೆಗೆ ಹಲಸೇ ಏಕೆ? ಕಾರಣಗಳು ಹಲವು. ಬಲಿತ ಹಲಸಿನ ತಿರುಳು ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಬೀಟೆ, ಮತ್ತಿಗಳಷ್ಟು ಭಾರವಿಲ್ಲ. ಉಳಿಗೆ ಒಗ್ಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಬೇಸಿಗೆ, ಮಳೆಗಾಲಗಳಲ್ಲಿ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಕಡಿದಾಗ ಅರಿಸಿನದಂತೆ ಹಳದಿಯಾಗಿರುವ ತಿರುಳು ಗಾಳಿ ಬೆಳಕು ತಾಕುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಮೃದಂಗದ ಒಡಲು, ತಂಬೂರಿ, ಯಕ್ಷಗಾನದ ಮದ್ದಲೆ ಇವಕ್ಕೂ ನಮ್ಮವರು ಹಲಸನ್ನೇ ಹುಡುಕಿದ್ದು ಸುಮ್ಮನೆ ಅಲ್ಲ.

ದಿಮ್ಮಿಯನ್ನು ಮೊದಲು ಅಳತೆಗೆ ಕೊಯ್ಯುತ್ತಾರೆ. ದಪ್ಪ ಭಾಗದಲ್ಲಿ ಕೊಡ ಆಗಬೇಕು. ನಾದ ತುಂಬಿಕೊಳ್ಳುವ ಹೊಟ್ಟೆ ಅದು. ಹೊರಮೈಯನ್ನು ಬಾಚಿಯಿಂದ ಕೆತ್ತಿ ದುಂಡಗಾಗಿಸಿ, ಒಳಗಿನ ತಿರುಳನ್ನು ಉಳಿ ಕೊಡತಿಗಳಿಂದ ತೋಡಿ ತೆಗೆಯುತ್ತಾರೆ. ಗೋಡೆ ದಪ್ಪವಾದರೆ ವೀಣೆ ಭಾರವಾಗಿ ದನಿ ಮಂಕಾಗುತ್ತದೆ, ಅತಿ ತೆಳುವಾದರೆ ಬಿರುಕು ಬಿಡುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅನುಭವಿಗಳು ಬೆರಳಿನಿಂದ ತಟ್ಟಿ, ಹೊರಟ ಸದ್ದಿನಿಂದ ಅಂದಾಜು ಮಾಡುತ್ತಾರೆ.

ಕೊಡಕ್ಕೆ ಮೇಲುಹಲಗೆ ಕೂಡಿಸಬೇಕು. ಒಳಗೆ ಪೊಳ್ಳಾದ ಉದ್ದನೆಯ ದಂಡಿ, ಅದರ ತುದಿಗೆ ಬಾಗಿದ ಯಾಳಿಯ ಮುಖ, ತಂತಿ ಬಿಗಿಯುವ ಬಿರಡೆಗಳು, ಮೇಲುಹಲಗೆಯ ಮೇಲೆ ಹಿತ್ತಾಳೆ ತಗಡು ಹೊದೆಸಿದ ಕುದುರೆ ಒಂದೊಂದಾಗಿ ಸೇರುತ್ತವೆ. ಇಡೀ ವೀಣೆಯನ್ನು ಒಂದೇ ಮರದ ತುಂಡಿನಲ್ಲಿ ಕಡೆದರೆ ಅದು ಏಕಾಂಡ ವೀಣೆ. ಅಷ್ಟು ಉದ್ದದ, ಗಂಟಿಲ್ಲದ, ಬಿರುಕಿಲ್ಲದ ದಿಮ್ಮಿ ಸಿಗುವುದು ಅಪರೂಪ, ಹಾಗಾಗಿ ಬೆಲೆಯೂ ಹೆಚ್ಚು. ಸಾಮಾನ್ಯವಾಗಿ ಕೊಡ, ದಂಡಿ, ಯಾಳಿಗಳನ್ನು ಬೇರೆ ಬೇರೆ ಮಾಡಿ ಜೋಡಿಸುತ್ತಾರೆ. ದಂಡಿಯ ಇನ್ನೊಂದು ಕಡೆ ಆಸರೆಗೆ ಕಟ್ಟುವ ಬುರುಡೆ ಹಿಂದೆ ಸೋರೆಯದು. ಈಗ ಕಾಗದದ ರಟ್ಟು, ಫೈಬರ್ ಕೂಡ ಬಳಕೆಯಲ್ಲಿವೆ. ಒಂದು ಕಾಲಕ್ಕೆ ಆನೆದಂತದಲ್ಲಿ ಮಾಡುತ್ತಿದ್ದ ಅಂಚಿನ ಕುಸುರಿಗೆ ಇಂದು ಪ್ಲಾಸ್ಟಿಕ್ ಹಾಳೆ ಬಂದಿದೆ.

ಮೇಳ ಕಟ್ಟುವ ಕಿವಿ

ಮರಗೆಲಸ ಮುಗಿದ ವೀಣೆ ಇನ್ನೂ ಮೂಕ. ಅದಕ್ಕೆ ಮಾತು ಬರುವುದು ಮೇಳ ಕಟ್ಟಿದಾಗ. ದಂಡಿಯ ಮೇಲೆ ಎರಡು ಸಾಲು ಮೇಣದ ಏರಿ ಕಟ್ಟಿ, ಅದರ ಮೇಲೆ 24 ಲೋಹದ ಮೆಟ್ಟಿಲುಗಳನ್ನು ಕೂರಿಸುತ್ತಾರೆ. ಒಂದು ಸ್ಥಾಯಿಗೆ 12ರಂತೆ ಎರಡು ಸ್ಥಾಯಿ. ನುಡಿಸಲು ನಾಲ್ಕು ತಂತಿ, ಪಕ್ಕದಲ್ಲಿ ತಾಳಕ್ಕೆ ಮೂರು. ಈ 24 ಮೆಟ್ಟಿಲಿನ ವೀಣೆ ರೂಪುಗೊಂಡದ್ದು 17ನೇ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಎಂದು ಸಂಗೀತದ ಚರಿತ್ರೆ ಹೇಳುತ್ತದೆ.

ಮೇಳ ಕಟ್ಟುವವರ ಅಳತೆಗೋಲು ಕಿವಿ. ತಂತಿ ಮೀಟಿ ಸ್ವರ ಕೇಳಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿ, ಮೇಣ ಒತ್ತಿ ನಿಲ್ಲಿಸುತ್ತಾರೆ. ಗಿಟಾರಿನಲ್ಲಿ ಈ ಕೆಲಸವನ್ನು ಲೆಕ್ಕ ಮಾಡುತ್ತದೆ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ಜಾಗ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಗರಗಸದ ಗೀರಿನಲ್ಲಿ ಹೊಡೆದು ಕೂರಿಸಿದ ಮೆಟ್ಟಿಲು ಮತ್ತೆ ಜರುಗುವುದಿಲ್ಲ. ವೀಣೆಯದು ಹಾಗಲ್ಲ. ವರ್ಷಗಳು ಕಳೆದು ಮೇಣ ಸಡಿಲವಾದಾಗ ಮೇಳವನ್ನು ಮತ್ತೆ ಕಟ್ಟಬೇಕು. ಕಟ್ಟುವವರು ಇಲ್ಲವಾದರೆ ವೀಣೆ ಗೋಡೆಯ ಪಾಲಾಗುತ್ತದೆ. ಸಿಂಪಾಡಿಪುರದಂಥ ಊರು ಉಳಿಯಬೇಕಾದದ್ದು ಹೊಸ ವೀಣೆಗಳಿಗಾಗಿ ಎಷ್ಟೋ, ಈಗಾಗಲೇ ಮನೆಮನೆಗಳಲ್ಲಿ ಇರುವ ಹಳೆಯ ವೀಣೆಗಳಿಗಾಗಿಯೂ ಅಷ್ಟೇ.

ಕಾಡಿನ ಬೀಟೆ, ಹೊಲದ ಹಲಸು

ನಮ್ಮ ನಾಡಿನ ಮರಕ್ಕೂ ಗಿಟಾರಿಗೂ ನಂಟು ಹಳೆಯದು. ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ ತನ್ನ ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಬ್ರೆಜಿಲ್‌ನ ಬೀಟೆಯನ್ನು ಬಳಸುತ್ತಿತ್ತು. ಅದು ದುರ್ಲಭವಾದಾಗ, 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ ಮರ ಅದೇ. ಮುಂದೆ ಎಷ್ಟೋ ದೇಶಗಳ ಗಿಟಾರುಗಳ ಬೆನ್ನು ಈ ಬೀಟೆಯೇ ಆಯಿತು.

2017ರ ಜನವರಿ 2ರಿಂದ ಬೀಟೆ ಸೇರಿದಂತೆ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಳಿವಿನಂಚಿನ ಜೀವಿಗಳನ್ನು ಕಾಯುವ ಸೈಟ್ಸ್ ಒಪ್ಪಂದದ ಕಟ್ಟುಪಾಡು ಬಂತು. ಸಿದ್ಧ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಕೆಲವು ಕಂಪನಿಗಳು ಅಗ್ಗದ ಗಿಟಾರುಗಳ ಬೆರಳುಹಲಗೆಗೆ ಬೇರೆ ಮರ ಹುಡುಕಿದವು. ಅವರಿಗೆ ಸಿಕ್ಕಿದ್ದರಲ್ಲಿ ಇಂಡಿಯನ್ ಲಾರೆಲ್ ಎಂಬುದೂ ಒಂದು. ಅದು ನಮ್ಮ ಕಾಡಿನ ಮತ್ತಿ.

ಬೀಟೆ ನಿಧಾನವಾಗಿ ಬೆಳೆಯುವ ಮರ. ಅದನ್ನು ಅನುಮತಿಯಿಲ್ಲದೆ ಕಡಿಯುವುದು ಅಪರಾಧ, ಹಾಗೆ ಇರಬೇಕಾದದ್ದೂ ಸರಿಯೇ. ವಾದ್ಯದ ಹೆಸರಿನಲ್ಲಿ ಕಾಡು ಬರಿದಾದರೆ ಆ ಸಂಗೀತದಲ್ಲಿ ಸುಖವಿಲ್ಲ. ಇಲ್ಲಿಯೇ ಸಿಂಪಾಡಿಪುರ ಒಂದು ದಾರಿ ತೋರುತ್ತದೆ. ಹಲಸು ರೈತ ನೆಟ್ಟು ಬೆಳೆಸುವ ಮರ. ಇದೇ ತಾಲ್ಲೂಕಿನ ತೂಬಗೆರೆಯ ಹಲಸು ರುಚಿಗೆ ಹೆಸರುವಾಸಿ. ಹಂಗಾಮಿನಲ್ಲಿ ರಸ್ತೆ ಬದಿಯಲ್ಲೇ ರಾಶಿ ಹಾಕಿ ಮಾರುತ್ತಾರೆ. ಬದುವಿನಲ್ಲಿ ನಿಂತ ಮರ ದಶಕಗಟ್ಟಲೆ ಹಣ್ಣು ಕೊಡುತ್ತದೆ, ದನಕರುಗಳಿಗೆ ಸೊಪ್ಪು ಕೊಡುತ್ತದೆ, ಮುಪ್ಪಾದ ಮೇಲೆ ವೀಣೆಯಾಗುತ್ತದೆ. ಕಾಡಿಗೆ ಕೊಡಲಿ ತಾಗದೆ ವಾದ್ಯ ಹುಟ್ಟುವ ಬಗೆ ಇದು.

ಗಿಟಾರಿಗೂ ಈ ದಾರಿ ಸಾಧ್ಯವೇ? ಗಿಟಾರಿನ ದನಿಯ ಬಹುಪಾಲನ್ನು ತೀರ್ಮಾನಿಸುವುದು ಎರಡೂವರೆ, ಮೂರು ಮಿಲಿಮೀಟರ್ ದಪ್ಪದ ಮೇಲುಹಲಗೆ, ಅದರ ಅಡಿಗೆ ಅಂಟಿಸಿದ ಪಟ್ಟಿಗಳು. ಇದನ್ನು ತೋರಿಸಲೆಂದೇ ಸ್ಪೇನ್‌ನ ಅಂತೋನಿಯೊ ದೆ ತೋರೆಸ್ 1862ರಲ್ಲಿ ಬೆನ್ನು, ಪಕ್ಕಗಳನ್ನೆಲ್ಲ ಕಾಗದದ ರಟ್ಟಿನಿಂದ ಮಾಡಿ, ಮೇಲುಹಲಗೆಯನ್ನು ಮಾತ್ರ ಮರದ್ದಾಗಿಸಿ ಗಿಟಾರ್ ಕಟ್ಟಿದರು. ಆಸ್ಟ್ರೇಲಿಯಾದಲ್ಲಿ 1946ರಲ್ಲಿ ಹುಟ್ಟಿದ ಮೇಟನ್ ಕಂಪನಿ ಆ ನೆಲದ ಬ್ಲ್ಯಾಕ್‌ವುಡ್, ಬನ್ಯಾ ಮರಗಳಿಂದಲೇ ಹೆಸರು ಗಳಿಸಿತು. ಹಾಗಿರುವಾಗ ಬೆನ್ನು, ಪಕ್ಕ, ಕುತ್ತಿಗೆಗೆ ನಮ್ಮ ಹಲಸನ್ನು, ಗಂಧಗರಿಗೆಯನ್ನು ಒರೆಗೆ ಹಚ್ಚಿ ನೋಡಲು ಅಡ್ಡಿಯೇನು? ಉಕ್ಕಿನ ತಂತಿಗಳ ಗಿಟಾರಿನ ಮೇಲೆ ಸುಮಾರು 70–80 ಕಿಲೋ ಎಳೆತ ಬೀಳುತ್ತದೆ. ಅದನ್ನು ತಡೆಯುವಂತೆ ಕಟ್ಟುವ ಲೆಕ್ಕವನ್ನು ಹೊಸದಾಗಿ ಕಲಿಯಬೇಕು. ಮರವನ್ನು ಓದುವ ವಿದ್ಯೆ ಮಾತ್ರ ಇಲ್ಲಿ ಆಗಲೇ ಇದೆ.

ಹೆಸರು ಉಳಿಯಲಿ

ಸಿಂಪಾಡಿಪುರದಂಥ ಊರಿಗೆ ಮೆಚ್ಚುಗೆಯ ಮಾತಿಗಿಂತ ಹೆಚ್ಚಿನದು ಸಲ್ಲಬೇಕು. ಕೈಯಿಂದ ಮಾಡಿದ ಗಿಟಾರಿನ ನಾದರಂಧ್ರದಲ್ಲಿ ಇಣುಕಿದರೆ ಒಳಗೆ ಒಂದು ಚೀಟಿ ಕಾಣುತ್ತದೆ. ಯಾರು ಮಾಡಿದರು, ಎಲ್ಲಿ ಮಾಡಿದರು, ಯಾವ ವರ್ಷ ಎಂಬುದು ಅದರಲ್ಲಿರುತ್ತದೆ. ನೂರು ವರ್ಷ ಕಳೆದರೂ ಕುಶಲಕರ್ಮಿಯ ಹೆಸರು ವಾದ್ಯದ ಜೊತೆಗಿರುತ್ತದೆ. ಇಲ್ಲಿಂದ ಹೊರಡುವ ಪ್ರತಿ ವೀಣೆಯ ಮೇಲೂ ಕಡೆದವರ ಹೆಸರು, ಊರಿನ ಹೆಸರು ಇರಬೇಕು. ತಂಜಾವೂರು ವೀಣೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ನಮ್ಮ ಹಲಸಿನ ವೀಣೆಯ ಊರಿಗೂ ಅಂಥ ಗುರುತು ಬೇಕು. ಸಂಗೀತ ಶಾಲೆಗಳು ವೀಣೆಯನ್ನು ನೇರವಾಗಿ ಇವರಿಂದಲೇ ಕೊಂಡರೆ ಆ ದುಡಿಮೆಯ ಬೆಲೆ ದುಡಿದವರ ಕೈಗೇ ಸೇರುತ್ತದೆ. ಬೆಲೆ ಸಿಕ್ಕರೆ ಮಕ್ಕಳೂ ಉಳಿ ಹಿಡಿಯುತ್ತಾರೆ.

ದಾವಣಗೆರೆ ಕಡೆಯಿಂದ ಹೋಗುವವರು ಹೆದ್ದಾರಿಯಲ್ಲಿ ಚಿತ್ರದುರ್ಗ, ಶಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ದಾರಿ ಹಿಡಿಯಬಹುದು. ಇದು ಪ್ರದರ್ಶನಕ್ಕಿಟ್ಟ ಜಾಗವಲ್ಲ, ಜನ ದುಡಿದು ಉಣ್ಣುವ ಊರು. ಅವರ ಕೆಲಸದ ಹೊತ್ತನ್ನು ಗೌರವಿಸಿ, ಮೊದಲೇ ವಿಚಾರಿಸಿ ಹೋಗುವುದು ಒಳ್ಳೆಯದು.

ನೋಡಿ ಬಂದವರು ಮಾಡಬಹುದಾದ ಕೆಲಸವೂ ಒಂದಿದೆ. ಹರಿಹರ ತಾಲ್ಲೂಕಿನ ಭಾನುವಳ್ಳಿ, ಮಲೇಬೆನ್ನೂರು ಸುತ್ತಲಿನ ಗದ್ದೆ ತೋಟಗಳ ಬದುಗಳಲ್ಲಿ ಹಲಸಿಗೆ ಜಾಗವಿದೆ. ವಾದ್ಯಕ್ಕೆ ಒಗ್ಗುವ ತಿರುಳು ಕೂಡಲು ಮರಕ್ಕೆ ದಶಕಗಳೇ ಬೇಕು. ನೆಟ್ಟವರ ಮೊಮ್ಮಕ್ಕಳ ಕಾಲಕ್ಕೆ ಅದು ದಿಮ್ಮಿಯಾದೀತು. ಅಂದು ಆ ದಿಮ್ಮಿ ವೀಣೆಯಾಗಲಿ, ಗಿಟಾರ್ ಆಗಲಿ, ಅದನ್ನು ಕಡೆಯಬಲ್ಲ ಕೈಗಳೂ ಉಳಿದಿರಬೇಕು. ಮರ ನೆಡುವ ಕೆಲಸ ನಮ್ಮದು, ಆ ಕೈಗಳನ್ನು ಉಳಿಸಿಕೊಳ್ಳುವ ಹೊಣೆಯೂ ನಮ್ಮದೇ.