‘ಬ್ಯಾಕ್‌ವರ್ಡ್’ ಅಂದ್ರೆ ಯಾವ ಕಡೆ?

ದಾವಣಗೆರೆಯಲ್ಲಿ ಜಗಳೂರು ಬಸ್ಸಿಗೆ ಕಾಯ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ಯಾವೂರಾತು ತಮ್ಮಾ?’ ಅಂದರು. ಹೇಳಿದೆ. ‘ಓ, ಬ್ಯಾಕ್‌ವರ್ಡ್ ಏರಿಯಾ!’ ಅಂದರು. ಅವರ ಮಾತಲ್ಲಿ ಕುಹಕವಿರಲಿಲ್ಲ. ಆದರೂ ಆ ಪದ ಊರು ಮುಟ್ಟೋವರೆಗೂ ತಲೆಯಲ್ಲೇ ಇತ್ತು.

ಇಂಗ್ಲಿಷಿನಲ್ಲಿ ‘ಬ್ಯಾಕ್’ ಅಂದರೆ ಬೆನ್ನು. ‘ವರ್ಡ್’ ಅಂದರೆ ಆ ಕಡೆಗೆ ತಿರುಗಿದ್ದು. ಈ ‘ವರ್ಡ್’ ಮತ್ತು ಸಂಸ್ಕೃತದ ‘ವೃತ್’ ಧಾತು ಒಂದೇ ಬೇರಿನವು. ನಾವು ಬಳಸುವ ವೃತ್ತ, ಪರಿವರ್ತನೆ ಎಲ್ಲವೂ ಅಲ್ಲಿಂದಲೇ ಬಂದವು. ಅಂದರೆ ಮೂಲದಲ್ಲಿ ಇದು ಬರೀ ದಿಕ್ಕು, ಬೈಗುಳವಲ್ಲ. ಆಮೇಲೆ ತಡವಾಗಿ ಬರುವ ಪೈರಿಗೆ, ನಿಧಾನ ಕಲಿಯುವ ಮಗುವಿಗೆ, ಕೊನೆಗೆ ಇಡೀ ಜನರಿಗೇ ಅಂಟಿಕೊಂಡಿತು.

ಕನ್ನಡದ ‘ಹಿಂದುಳಿದ’ ಇನ್ನೊಂದು ಥರ. ಇಲ್ಲಿ ತಿರುಗುವುದಿಲ್ಲ, ಉಳಿಯುವುದಿದೆ. ತಾವಾಗಿ ಉಳಿದರೋ, ಯಾರಾದರೂ ಉಳಿಸಿದರೋ? ಪದ ಹೇಳುವುದಿಲ್ಲ.

ಆ ಪ್ರಶ್ನೆಯನ್ನು ಸರ್ಕಾರದ ಮುಂದಿಟ್ಟಾಗ ಇದೇ ಪದ ಹಕ್ಕಾಯಿತು. 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ, 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗ, ಎರಡೂ ಸಮುದಾಯಗಳ ಲೆಕ್ಕ ಹಾಕಿದವು. ಪ್ರದೇಶಗಳ ಲೆಕ್ಕ ಹಾಕಿದ್ದು ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ಅದರ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಬಸ್ ಸ್ಟ್ಯಾಂಡಿನಲ್ಲಿ ಚುಚ್ಚುವ ಪದವೇ ವಿಧಾನಸೌಧದಲ್ಲಿ ಅನುದಾನ ಕೇಳುವ ಪದ.

ಪಟ್ಟಿಗೂ ವಯಸ್ಸಾಗುತ್ತದೆ. ಅದರಲ್ಲಿ ನ್ಯಾಮತಿ ತಾಲ್ಲೂಕಿನ ಹೆಸರಿಲ್ಲ, ಆಗದು ಹೊನ್ನಾಳಿಯೊಳಗಿತ್ತು. ಒಂದೇ ಜಿಲ್ಲೆ ನೋಡಿ: ಚನ್ನಗಿರಿಯ ಒಂದಷ್ಟು ಭಾಗಕ್ಕೆ ಸೂಳೆಕೆರೆ, ಭದ್ರಾ ನಾಲೆ ಇದೆ, ಅಡಿಕೆ ತೋಟ ಎದ್ದಿದೆ. ಹೊನ್ನಾಳಿ ಪಕ್ಕದಲ್ಲೇ ತುಂಗಭದ್ರೆ. ಜಗಳೂರಿಗೆ ಮಳೆ, ಬೋರ್‌ವೆಲ್ಲು, ಬಾರದ ನೀರಿನ ಭರವಸೆ. ಜನರ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ, ನಾಲೆಯಲ್ಲಿದೆ.

2018ರಲ್ಲಿ ಕೇಂದ್ರ ಸರ್ಕಾರ ಆಯ್ದ ಹಿಂದುಳಿದ ಜಿಲ್ಲೆಗಳನ್ನು ‘ಮಹತ್ವಾಕಾಂಕ್ಷಿ’ ಎಂದು ಕರೆಯಿತು. ನಮ್ಮಲ್ಲಿ ಆ ಹೆಸರು ಸಿಕ್ಕಿದ್ದು ರಾಯಚೂರು, ಯಾದಗಿರಿಗೆ. ಕಿವಿಗೆ ಹಿತ, ಸರಿ. ಆದರೆ ‘ಹಿಂದುಳಿದ’ ಎಂದಾಗ ಬಾಕಿ ಯಾರದ್ದು ಅಂತ ಕೇಳಬಹುದಿತ್ತು. ಆಕಾಂಕ್ಷೆ ಎಂದಮೇಲೆ ಹೊಣೆ ಮತ್ತೆ ಊರಿನ ಹೆಗಲಿಗೇ.

ಅದಕ್ಕೇ ನನಗೆ ಹಳೇ ಪದವೇ ಇರಲಿ ಅನಿಸುತ್ತದೆ. ಮತ್ತೊಮ್ಮೆ ಯಾರಾದರೂ ‘ಬ್ಯಾಕ್‌ವರ್ಡ್ ಏರಿಯಾ ಅಲ್ವಾ?’ ಅಂದರೆ, ‘ಹೌದಣ್ಣ, ಬಾಕಿ ಬರೋದಿದೆ’ ಅಂತೀನಿ.