ಇಲಾಖಾ ಪರೀಕ್ಷೆ: ಪುಸ್ತಕ ಮುಚ್ಚಿ ಬರೆಯಿರಿ, ದೀಪ ಆರಿಸಿ ಮಲಗಿ

"ಡಾಕ್ಟ್ರೇ, ಇವ್ರಿಗೆ ನೀವಾದ್ರೂ ಸ್ವಲ್ಪ ಹೇಳಿ. ರಾತ್ರಿ ಎರಡು ಗಂಟೆವರೆಗೂ ಲೈಟ್ ಹಾಕ್ಕೊಂಡು ಕೂತಿರ್ತಾರೆ. ಬೆಳಗ್ಗೆ ನೋಡಿದ್ರೆ ಕಣ್ಣು ಕೆಂಪಗೆ. ಮಾತಾಡಿಸಿದ್ರೆ ಸಿಡುಕು. ಮನೇಲಿ ಪರೀಕ್ಷೆ ಬರೀಬೇಕಾದೋಳು ಮಗಳು, ಓದ್ತಾ ಇರೋರು ಇವ್ರು!"

ಹುಣಸೂರಿನ ನನ್ನ ಕ್ಲಿನಿಕ್ಕಿಗೆ ಗಂಡನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಿದ್ದ ಆ ತಾಯಿಯ ದೂರು ಇದು. ಯಜಮಾನರಿಗೆ ನಲವತ್ತಾರು ವರ್ಷ. ಮೈಸೂರಿನಲ್ಲಿ ಆದಾಯ ತೆರಿಗೆ ಕಚೇರಿಯ ಕೆಲಸ. ದಿನವೂ ಬೆಳಗ್ಗೆ ಬಸ್ಸು ಹತ್ತಿ ನಲವತ್ತೈದು ಕಿಲೋಮೀಟರ್ ಹೋಗಬೇಕು, ಸಂಜೆ ಅಷ್ಟೇ ದೂರ ವಾಪಸು ಬರಬೇಕು. ಇನ್ಸ್‌ಪೆಕ್ಟರ್ ಹುದ್ದೆಗೆ ಬಡ್ತಿ ಸಿಗಬೇಕಾದರೆ ಇಲಾಖಾ ಪರೀಕ್ಷೆ ಪಾಸಾಗಲೇಬೇಕು. ಎರಡು ಸಲ ಕೂತಿದ್ದಾರೆ, ಎರಡು ಸಲವೂ ತೆರಿಗೆ ಕಾನೂನಿನ ಪತ್ರಿಕೆಯಲ್ಲೇ ನಪಾಸು. ಇದು ಮೂರನೆಯ ಪ್ರಯತ್ನ.

ರಕ್ತದೊತ್ತಡ ನೋಡಿದೆ. 164/102. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರೂ ಹೆಚ್ಚೇನೂ ಇಳಿದಿರಲಿಲ್ಲ. "ಬಿಪಿ ಮಾತ್ರೆ ತಗೊಳ್ತಾ ಇದೀರಲ್ಲ?" ಎಂದು ಕೇಳಿದರೆ ನೆಲ ನೋಡಿದರು. ಮಾತ್ರೆ ನುಂಗಿದರೆ ಓದುವಾಗ ಮಂಪರು ಬರುತ್ತದೆಂದು ಎರಡು ತಿಂಗಳಿಂದ ತಾವೇ ನಿಲ್ಲಿಸಿದ್ದರು. ರಾತ್ರಿ ಒಂದೂವರೆಗೆ ಬರುವ ನಿದ್ದೆಗೆ ಮಾತ್ರೆಯೇ ಕಾರಣವೆಂದು ತೀರ್ಮಾನಿಸಿದ ಈ ಬುದ್ಧಿವಂತಿಕೆಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಆದರೆ ಅವರ ನಿಜವಾದ ದೂರು ರಕ್ತದೊತ್ತಡದ್ದಲ್ಲ. "ಎಷ್ಟು ಓದಿದ್ರೂ ತಲೇಲಿ ನಿಲ್ತಿಲ್ಲ ಡಾಕ್ಟ್ರೇ. ನನಗೇನಾದ್ರೂ ಮರೆವಿನ ಕಾಯಿಲೆ ಶುರುವಾಗಿದ್ಯಾ? ನೆನಪಿಗೆ ಒಂದು ಒಳ್ಳೇ ಟಾನಿಕ್ ಬರೆದುಕೊಡಿ."

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಕಂದಾಯ, ಶಿಕ್ಷಣ, ಪೊಲೀಸ್ ಮೊದಲಾದ ಇಲಾಖೆಗಳ ಎಷ್ಟೋ ಮಂದಿ ಲೋಕಸೇವಾ ಆಯೋಗ ನಡೆಸುವ ಅಕೌಂಟ್ಸ್ ಹೈಯರ್, ಜನರಲ್ ಲಾ ಪರೀಕ್ಷೆಗಳಿಗೆ ಹೀಗೆಯೇ ನಡುವಯಸ್ಸಿನಲ್ಲಿ ಪುಸ್ತಕ ಹಿಡಿಯುತ್ತಾರೆ. ಹಾಗಾಗಿ ಅವರಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮರೆವಲ್ಲ, ಗೊಂದಲ

ನಲವತ್ತಾರಕ್ಕೆ ಮರೆವಿನ ಕಾಯಿಲೆ ಬರುವುದು ಬಹಳ ಅಪರೂಪ. ಇವರಿಗೆ ಕಚೇರಿಯ ಹತ್ತು ವರ್ಷ ಹಿಂದಿನ ಕಡತ ಯಾವ ಬೀರುವಿನಲ್ಲಿದೆ ಎಂಬುದೂ ನೆನಪಿದೆ. ತೊಂದರೆ ಬೇರೆ ಕಡೆ ಇದೆ.

ಆದಾಯ ತೆರಿಗೆ ಇಲಾಖೆಯವರ ಪಾಡನ್ನೇ ನೋಡಿ. 1961ರ ಕಾಯ್ದೆಯನ್ನು ಅವರು ಉಸಿರಾಡಿದಷ್ಟು ಸಲೀಸಾಗಿ ಬಳಸಿದವರು. ಜೀವವಿಮೆ, ಭವಿಷ್ಯನಿಧಿ ಎಂದ ಕೂಡಲೇ ಬಾಯಿಗೆ ಬರುವುದು 80ಸಿ. ಸಂಬಳ ಪಡೆಯುವ ನಮ್ಮಂಥವರಿಗೂ ಅದು ಬಾಯಿಪಾಠ. ಆದರೆ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಅದೇ ವಿನಾಯಿತಿ ಕುಳಿತಿರುವುದು 123ನೇ ಸೆಕ್ಷನ್ನಿನಲ್ಲಿ. ಹೊಸ ಕಾಯ್ದೆಯಲ್ಲಿ 536 ಸೆಕ್ಷನ್ನು, 16 ಅನುಸೂಚಿ. 'ಹಿಂದಿನ ವರ್ಷ', 'ನಿರ್ಧಾರಣಾ ವರ್ಷ' ಎಂಬ ಜೋಡಿ ಹೆಸರುಗಳ ಜಾಗಕ್ಕೆ 'ತೆರಿಗೆ ವರ್ಷ' ಬಂದಿದೆ. 2026ರ ಏಪ್ರಿಲ್ 1ರಿಂದಾಚೆಗೆ ಹೊಸ ಕಾಯ್ದೆ, ಅದಕ್ಕೆ ಮುಂಚಿನ ವರ್ಷಗಳ ಪ್ರಕರಣಗಳಿಗೆ ಹಳೆಯದೇ. ಅಂದರೆ ಕಚೇರಿಯ ಮೇಜಿನ ಮೇಲೆ ಎರಡೂ ಬೇಕು.

ಹಳೆಯ ಕಲಿಕೆ ಗಟ್ಟಿಯಾಗಿದ್ದಷ್ಟೂ ಅದು ಹೊಸದಕ್ಕೆ ಅಡ್ಡ ನಿಲ್ಲುತ್ತದೆ. ಮನೆಯ ಫೋನ್ ನಂಬರ್ ಬದಲಾದ ಮೇಲೂ ಕೈ ಹಳೆಯ ನಂಬರನ್ನೇ ಒತ್ತುತ್ತದಲ್ಲ, ಹಾಗೆ. ಅದು ಮೆದುಳಿನ ಸಹಜ ನಡವಳಿಕೆ. ಟಾನಿಕ್ಕಿನಿಂದ ಸರಿಹೋಗುವಂಥದಲ್ಲ. ಒಂದು ಸಮಾಧಾನವೆಂದರೆ, ಇಪ್ಪತ್ತರ ಹುಡುಗನಿಗಿಂತ ನಿಧಾನವಾಗಿ ಹೊಸ ಅಂಕಿ ಕಲಿತರೂ, ಕಾನೂನಿನ ಅರ್ಥ ಹಿಡಿಯುವುದರಲ್ಲಿ ಕಡತ ನೋಡಿ ಪಳಗಿದವರೇ ಮುಂದು.

ಓದಿದ್ದನ್ನೇ ಓದಿದರೆ

ಇವರು ಓದುತ್ತಿದ್ದ ಬಗೆ ಕೇಳಿದೆ. ಒಂದು ಅಧ್ಯಾಯವನ್ನು ನಾಲ್ಕು ಸಲ ಓದುವುದು, ಹಳದಿ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದು. ಪುಸ್ತಕ ತಂದು ತೋರಿಸಿದರು, ಗೆರೆ ಇಲ್ಲದ ಸಾಲೇ ಇರಲಿಲ್ಲ.

ನಾಲ್ಕನೇ ಸಲ ಓದುವಾಗ ಎಲ್ಲವೂ ಗೊತ್ತಿರುವಂತೆ ಕಾಣುತ್ತದೆ. ಅದು ಪರಿಚಯ, ಕಲಿಕೆಯಲ್ಲ. ಬಸ್ಸಿನಲ್ಲಿ ದಿನಾ ನೋಡುವ ಮುಖದ ಪರಿಚಯ ಇರುತ್ತದೆ, ಹೆಸರು ಕೇಳಿದರೆ ಗೊತ್ತಿರುವುದಿಲ್ಲ! ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳು ಒಂದು ಪಾಠವನ್ನು ಓದಿದ ಮೇಲೆ ಮತ್ತೊಮ್ಮೆ ಓದಿದರು. ಇನ್ನೊಂದು ಪಾಠವನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಮೇಲು: ನೂರಕ್ಕೆ 81, ಬರೆದು ನೋಡಿದ್ದು 75. ಒಂದು ವಾರದ ನಂತರ ತಕ್ಕಡಿ ತಿರುಗಿತು. ಮತ್ತೆ ಓದಿದ್ದರಲ್ಲಿ ಉಳಿದದ್ದು 42, ಬರೆದು ನೋಡಿದ್ದರಲ್ಲಿ 56. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲವಷ್ಟೆ?

ಹಾಗಾಗಿ ಅಭ್ಯಾಸವೆಂದರೆ ಪುಸ್ತಕ ಮುಚ್ಚಿ ಬರೆಯುವುದು. ಒಂದು ಪುಟ ಓದಿ, ಮುಚ್ಚಿ, ಬಿಳಿ ಹಾಳೆಯ ಮೇಲೆ ಬರೆಯಿರಿ, ಆಮೇಲೆ ತೆರೆದು ತಿದ್ದಿಕೊಳ್ಳಿ. ಅದನ್ನೇ ಎರಡು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಬರೆದು ನೋಡಿ. ಮೊದಮೊದಲು ಏನೂ ಬರುವುದಿಲ್ಲ, ಅವಮಾನವಾಗುತ್ತದೆ. ಆ ತಿಣುಕಾಟವೇ ಕಲಿಸುವುದು. ಹಳೆಯ ಸೆಕ್ಷನ್ನು, ಹೊಸ ಸೆಕ್ಷನ್ನುಗಳ ಗೊಂದಲಕ್ಕೆ ಪೋಸ್ಟ್ ಕಾರ್ಡಿನಷ್ಟು ರಟ್ಟಿನ ಚೀಟಿಗಳಿರಲಿ. ಮುಂದೆ ಪ್ರಶ್ನೆ, ಹಿಂದೆ ಉತ್ತರ.

ಮನೆ ಪಕ್ಕದ ಬ್ಯಾರನ್ನೇ ಪ್ರಶ್ನೆಪತ್ರಿಕೆ

ಅರ್ಥವಿಲ್ಲದ ಅಂಕಿ ಜಾರುತ್ತದೆ, ಕಣ್ಣಿಗೆ ಕಂಡ ಸಂಗತಿ ನಿಲ್ಲುತ್ತದೆ. ಈ ವಿಷಯದಲ್ಲಿ ನಮ್ಮ ತಾಲ್ಲೂಕುಗಳವರು ಅದೃಷ್ಟವಂತರು. ಹೊಗೆಸೊಪ್ಪಿನ ಸೀಮೆಯಲ್ಲಿ ಕೃಷಿ ಆದಾಯದ ಪಾಠಕ್ಕೆ ಪುಸ್ತಕದ ಉದಾಹರಣೆ ಏಕೆ?

ಹುಣಸೂರಿನ ರೈತರೊಬ್ಬರು ತಮ್ಮ ಹೊಲದ ಸೊಪ್ಪನ್ನು ತಮ್ಮದೇ ಬ್ಯಾರನ್ನಿನಲ್ಲಿ ಹದ ಮಾಡಿ ಹರಾಜು ಕಟ್ಟೆಗೆ ಒಯ್ಯುತ್ತಾರೆ. ಬೆಳೆದ ಮಾಲನ್ನು ಮಾರುಕಟ್ಟೆಗೆ ಒಯ್ಯುವ ಹಾಗೆ ಮಾಡಲು ಬೇಸಾಯಗಾರ ಸಾಮಾನ್ಯವಾಗಿ ಅನುಸರಿಸುವ ಕ್ರಮ ಅದು. ಆದ್ದರಿಂದ ಕೃಷಿ ಆದಾಯವೇ. ಅದೇ ಸೊಪ್ಪನ್ನು ಹರಾಜಿನಲ್ಲಿ ಕೊಂಡು, ಸಂಸ್ಕರಿಸಿ ಮಾರುವ ವ್ಯಾಪಾರಿಯ ಲಾಭ ಕೃಷಿ ಆದಾಯವಲ್ಲ, ವ್ಯಾಪಾರದ ಆದಾಯ. ಪಿರಿಯಾಪಟ್ಟಣ ದಾಟಿದರೆ ಕೊಡಗು. ಅಲ್ಲಿ ಕಾಫಿ ಬೆಳೆದು ತಾನೇ ಕ್ಯೂರ್ ಮಾಡಿ ಮಾರಿದವನಿಗೆ ನಾಲ್ಕು ಲಕ್ಷ ಲಾಭ ಬಂದಿತೆನ್ನಿ. 1962ರ ನಿಯಮಗಳ ಪ್ರಕಾರ ಅದರಲ್ಲಿ ಶೇ. 25, ಅಂದರೆ ಒಂದು ಲಕ್ಷ ವ್ಯಾಪಾರದ ಆದಾಯ. ಉಳಿದ ಮೂರು ಲಕ್ಷ ಕೃಷಿಯದು. ಹುರಿದು ಪುಡಿಯನ್ನೂ ಮಾಡಿ ಮಾರಿದರೆ ಶೇ. 40, ಅಂದರೆ 1 ಲಕ್ಷ 60 ಸಾವಿರ. ಹುರಿದ ಕಾಫಿಯ ವಾಸನೆಯ ಜೊತೆ ಈ ನಲವತ್ತು ನೆನಪಿನಲ್ಲಿ ಅಂಟಿಕೊಳ್ಳುತ್ತದೆ. (ಈ ಲೆಕ್ಕ ನನಗೂ ಅವರೇ ಹೇಳಿಕೊಟ್ಟಿದ್ದು, ಇನ್ನೂ ಮರೆತಿಲ್ಲ.)

ಬಸ್ಸಿನ ಪ್ರಯಾಣವನ್ನು ಹಾಳುಮಾಡಿಕೊಳ್ಳಬೇಡಿ. ಓಡುವ ಬಸ್ಸಿನಲ್ಲಿ ಸಣ್ಣಕ್ಷರ ಓದಿದರೆ ತಲೆಸುತ್ತು, ಓಕರಿಕೆ ಅಷ್ಟೇ. ಕಣ್ಣು ಮುಚ್ಚಿ, ನಿನ್ನೆ ಬರೆದದ್ದನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳಿ. ಕೆ.ಆರ್. ನಗರದವರಿಗೆ ರೈಲಿದೆ, ಇನ್ನೂ ಅನುಕೂಲ.

ನಿದ್ದೆಯೂ ಓದೇ

ರಾತ್ರಿ ಬ್ಯಾರನ್ನಿಗೆ ಬೆಂಕಿ ಕಾಯುವವರಿಗೆ ಬೇರೆ ದಾರಿಯಿಲ್ಲ, ನಿದ್ದೆಗೆಟ್ಟರೇ ಸೊಪ್ಪು ಹದವಾಗುವುದು. ತಲೆಯೊಳಗಿನ ವಿದ್ಯೆಯ ಕ್ರಮ ಇದಕ್ಕೆ ತಿರುಗಾಮುರುಗಾ. 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬುವರು, ಕಲಿತ ಮೇಲೆ ಎಚ್ಚರವಾಗಿದ್ದರೆ ಮರೆಯುವುದಕ್ಕಿಂತ ಮಲಗಿದರೆ ಮರೆಯುವುದು ಕಡಿಮೆ ಎಂದು ತೋರಿಸಿದ್ದರು. ನಿದ್ದೆಯಲ್ಲಿ ಮೆದುಳು ಹಗಲಿನ ಕಲಿಕೆಯನ್ನು ಗಟ್ಟಿಮಾಡಿಕೊಳ್ಳುತ್ತದೆ ಎಂಬುದು ನಂತರದ ಸಂಶೋಧನೆಗಳಿಂದ ಇನ್ನಷ್ಟು ಸ್ಪಷ್ಟವಾಗಿದೆ.

2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಆರೋಗ್ಯವಂತರನ್ನು ಎರಡು ವಾರ ದಿನಕ್ಕೆ ಆರು ಗಂಟೆ, ನಾಲ್ಕು ಗಂಟೆ ಮಾತ್ರ ಮಲಗಿಸಿ ನೋಡಿದರು. ಕೊನೆಗೆ ಅವರ ಗಮನಶಕ್ತಿ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದಿತ್ತು. ಇದಕ್ಕಿಂತ ಮುಖ್ಯ ಸಂಗತಿ, ತಾವು ಅಷ್ಟು ಮಂದವಾಗಿದ್ದೇವೆಂದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ! "ನನಗೆ ನಾಲ್ಕು ಗಂಟೆ ನಿದ್ದೆ ಸಾಕು" ಎನ್ನುವವರು ಈ ಮಾತು ಗಮನಿಸಬೇಕು.

ವಯಸ್ಕರಿಗೆ ಏಳು ಗಂಟೆ ನಿದ್ದೆ ಬೇಕು. ಅದನ್ನು ಕತ್ತರಿಸುತ್ತಾ ಹೋದರೆ ರಕ್ತದೊತ್ತಡ ಏರುತ್ತದೆ, ಸಕ್ಕರೆ ಹತೋಟಿ ತಪ್ಪುತ್ತದೆ. ನಮ್ಮ ಯಜಮಾನರು ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ ಒಂದೊಂದು ಲೋಟ ಸ್ಟ್ರಾಂಗ್ ಕಾಫಿ ಕುಡಿಯುತ್ತಿದ್ದರು. ಕಾಫಿಯ ಕೆಫೀನ್ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಎರಡಕ್ಕೆ ಹಾಸಿಗೆ ಸೇರಿದರೂ ನಿದ್ದೆ ಹತ್ತುತ್ತಿದ್ದುದು ಮೂರಕ್ಕೆ. ಸಂಜೆ ಕಚೇರಿಯಿಂದ ಬಂದಾಗ ಕುಡಿಯುವುದೇ ಕೊನೆಯ ಕಾಫಿ ಎಂದು ನಿಯಮ ಮಾಡಿದೆ. ಎಂಟರೊಳಗೆ ಊಟ, ಒಂದು ಗಂಟೆ ಅಭ್ಯಾಸ, ಹತ್ತಕ್ಕೆ ದೀಪ ಬಂದ್. ಬೆಳಗ್ಗೆ ಐದಕ್ಕೆ ಎದ್ದು ಇನ್ನೊಂದು ಗಂಟೆ. "ಎರಡೇ ಗಂಟೆ ಸಾಕಾ?" ಎಂದರು. ನಿದ್ದೆಗಣ್ಣಿನ ಐದು ಗಂಟೆಗಿಂತ ಸಾಕು.

ಕಣ್ಣು, ಹೊಟ್ಟೆ, ಮಾತ್ರೆ

ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಹಳೆಯ ಕನ್ನಡಕದಲ್ಲಿ ಕಾಯ್ದೆಯ ಸಣ್ಣಕ್ಷರ ಓದಿ ತಲೆನೋವು ಬಂದರೆ ಅದನ್ನು ಓದಿನ ಒತ್ತಡವೆಂದು ತಿಳಿಯುವವರಿದ್ದಾರೆ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿನ ಒಳಪದರವನ್ನೂ ತೋರಿಸಿ.

ಸಕ್ಕರೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಪರೀಕ್ಷೆಯ ದಿನ ಗಡಿಬಿಡಿಯಲ್ಲಿ ತಿಂಡಿ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಅಪಾಯ. ಬೆವರು, ಕೈನಡುಕ, ಮಂಕು ಕವಿಯುವುದು ಸಕ್ಕರೆ ಇಳಿದಿರುವ ಸೂಚನೆ, ಭಯವಲ್ಲ. ಜೇಬಿನಲ್ಲಿ ನಾಲ್ಕು ಗ್ಲುಕೋಸ್ ಬಿಲ್ಲೆ ಅಥವಾ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಿ. ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ಬಿಪಿ ಮಾತ್ರೆ ಬಿಡುವವರೂ ಉಂಟು. ಬಿಡಬೇಡಿ, ಹೊತ್ತು ಬದಲಾಯಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ಇನ್ನು ಪರೀಕ್ಷೆಯ ಭಯಕ್ಕೆ ಸಹೋದ್ಯೋಗಿ ಕೊಟ್ಟ ಮಾತ್ರೆ. ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಆಸ್ತಮಾ ಇದ್ದವರಿಗೆ ಉಸಿರು ಕಟ್ಟಿಸೀತು. ನಿದ್ದೆಗೆಂದು ನುಂಗುವ ಆಲ್ಪ್ರಜೋಲಾಮ್ ಹೊಸದಾಗಿ ಕಲಿತದ್ದನ್ನೇ ಮಸುಕುಮಾಡುತ್ತದೆ, ಅಭ್ಯಾಸವೂ ಹತ್ತಿಕೊಳ್ಳುತ್ತದೆ. ಪಾಸಾಗಲೆಂದು ನುಂಗಿದ್ದೇ ನಪಾಸು ಮಾಡಿಸುತ್ತದೆ.

ಎದೆ ಹಿಂಡಿದಂತಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋತಂತಾಗುವುದು ಕಂಡರೆ "ಓದಿ ಸುಸ್ತಾಗಿದೆ" ಎಂದು ಮಲಗಿಸಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ನಪಾಸಾದ ನಾಚಿಕೆಯಿಂದ ಊಟ, ಮಾತು ಬಿಟ್ಟು ಬದುಕೇ ಬೇಡ ಎನ್ನುವವರಿದ್ದರೆ ಅದನ್ನೂ ಹಗುರವಾಗಿ ಕಾಣಬೇಡಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಮಾತ್ರೆ ಮತ್ತೆ ಶುರುವಾಯಿತು. ಐದು ವಾರ ಬಿಟ್ಟು ಗಂಡಹೆಂಡತಿ ಬಂದರು. ರಕ್ತದೊತ್ತಡ 138/86. ಈ ಸಲ ಜೊತೆಗೆ ಪಿಯುಸಿ ಓದುವ ಮಗಳೂ ಇದ್ದಳು. ರಾತ್ರಿ ಊಟವಾದ ಮೇಲೆ ಚೀಟಿಗಳ ಕಟ್ಟು ಹಿಡಿದು ಅಪ್ಪನಿಗೆ ಪ್ರಶ್ನೆ ಕೇಳುವುದು ಈಗ ಅವಳ ಕೆಲಸವಂತೆ. ಆಮೇಲೆ ಅವಳ ರಸಾಯನಶಾಸ್ತ್ರದ ಚೀಟಿ ಹಿಡಿದು ಅಪ್ಪ ಕೇಳುತ್ತಾರಂತೆ.

"ಅಪ್ಪಂಗೆ 80ಸಿ ಅಂದ್ರೆ 123 ಅಂತ ಈಗ ಥಟ್ಟಂತ ಬರುತ್ತೆ ಡಾಕ್ಟ್ರೇ. ಹತ್ತು ಗಂಟೆಗೆ ಅಮ್ಮ ಲೈಟ್ ಆಫ್ ಮಾಡ್ತಾರೆ, ನನ್ನದೂ ಸೇರಿಸಿ," ಎಂದಳು ಹುಡುಗಿ, ಸ್ವಲ್ಪ ಮುನಿಸಿನಿಂದಲೇ.